ಕಿಟಕಿಯ ಮಾತು ಮುಗಿದ ಮೇಲೆ

ಆ ಭಾನುವಾರದ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪಟ್ಟಣದ ಕಟ್ಟಡಗಳಿಗೆಲ್ಲ ಮೂರನೇ ಮಹಡಿಯ ಮೇಲೆ ಏನೂ ಇರಲಿಲ್ಲ. ಮನುಷ್ಯ ಎಷ್ಟೇ ಎತ್ತರ ಕಟ್ಟಲಿ, ಎಷ್ಟು ಕಾಣಬೇಕೆನ್ನುವುದು ಮೇಲಿನವನ ಇಷ್ಟ ಅಂದುಕೊಳ್ಳುತ್ತಾ ಆರ್ಕಿಟೆಕ್ಟ್ ಮಹಡಿ ಮೇಲಿನ ಉಪನ್ಯಾಸದ ಹಾಲಿಗೆ ಮೆಟ್ಟಿಲು ಹತ್ತಿದ.

ಆ ಹಾಲಿನಲ್ಲಿ ಯಾರು ಬೇಕಾದರೂ ಬಂದು ಕೂತು ಅವನ ಉಪನ್ಯಾಸ ಕೇಳಬಹುದಿತ್ತು. ಒಂದು ವಾರ ಗೋಡೆ, ಒಂದು ವಾರ ಬಾಗಿಲು. ಇವತ್ತು ಕಿಟಕಿ, ಅಲ್ಲಿಗೆ ಸರಣಿ ಮುಗಿಯಿತು. ಅದಕ್ಕೆ ಪ್ರತಿ ವಾರ ತೆಳು ಮರ, ರಟ್ಟಿನಲ್ಲಿ ಮಾದರಿ ಮಾಡಿ ತರುತ್ತಿದ್ದವಳು ಒಬ್ಬ ಹುಡುಗಿ. ನಾಳೆಯಿಂದ ಅವಳನ್ನು ನೋಡಲು ಅವನಿಗೊಂದು ನೆಪವೂ ಇಲ್ಲ.

ಹೋದ ವಾರ ಬೆರಳಿಗಂಟಿದ ಗೋಂದನ್ನು ಸುಲಿಯುತ್ತಾ, ತಲೆ ಎತ್ತದೆ ಅವಳೇ ಕೇಳಿದ್ದಳು: "ನಾವಿಬ್ರೂ ಒಂದೇ ಮನೇಲಿದ್ರೆ ಹೇಗಿರತ್ತೆ?"

ಮನೆ ಕಟ್ಟಿಸುವವರಿಗೆ ವರ್ಷಗಟ್ಟಲೆ ಹೇಳಿ ಹೇಳಿ ಅವನ ನಾಲಿಗೆಯಲ್ಲಿ ಕೂತಿದ್ದ ಮಾತು ತಾನಾಗಿ ಉದುರಿತು: "ಸೈಟ್ ನೋಡಿ ಹೇಳ್ತೀನಿ."

ಏನಂದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಅವಳು ಬ್ಯಾಗು ಹೆಗಲಿಗೇರಿಸಿ ಬೀದಿ ಸೇರಿದ್ದಳು. ಆಮೇಲೆ ಅವಳು ಫೋನಿನಲ್ಲಿ ಮಾದರಿಯ ಅಳತೆ ಕೇಳುವುದು, ಇಟ್ಟುಬಿಡುವುದು, ಅಷ್ಟೇ.

ಇವತ್ತು ಮುಂದಿನ ಸಾಲಿನಲ್ಲಿ ಅವನ ಅಕ್ಕ ಕೂತಿದ್ದಳು; ನಡೆದದ್ದನ್ನು ಅವನೇ ಅವಳಿಗೆ ಹೇಳಿದ್ದ. "ಹುಡುಗಿ ಮನಸ್ಸು ಬಿಚ್ಚಿ ಕೇಳಿದ್ರೆ ಸೈಟಂತೆ ಸೈಟು! ನಿನ್ನ ಬಾಯಿಗೊಂದು ಬೀಗ ಹಾಕ್ಬೇಕಿತ್ತು ಕಣೋ."

"ಅಕ್ಕಾ, ಮೆಲ್ಲಗೆ."

"ಮೆಲ್ಲಗೇ ಹೇಳ್ತಿದೀನಿ. ಜೋರಾಗಿ ಹೇಳಿದ್ರೆ ಈ ಹಾಲ್ ತಡ್ಯಲ್ಲ."

ಉಪನ್ಯಾಸ ಶುರುವಾಯಿತು. ದೀಪ ಆರಿಸಿದರು. ಮೇಜಿನ ಮೇಲೆ, ಅಗಲವಾದ ದಪ್ಪ ಹಲಗೆಗೆ ಕೂರಿಸಿದ, ಒಂದೇ ಕಿಟಕಿಯ ಪುಟ್ಟ ಕೋಣೆ. ಆ ಕಡೆ ಟಾರ್ಚ್ ಹಿಡಿದು ಅವಳು. ಅವಳೇ ಇವತ್ತಿನ ಸೂರ್ಯ.

"ಈಗ ಬೆಳಗಾಯ್ತು," ಎಂದ. ಬೆಳಕು ಕಿಟಕಿಯಿಂದ ನುಸುಳಿ ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ ಹರಡಿತು. ತೆರೆದಿದ್ದ ಈ ಬದಿಯಿಂದ ಅವನು ಬಗ್ಗಿ ನೋಡಿದ. ಕೋಣೆಯ ಆಚೆ, ಬೆರಳಗಲದ ಚೌಕಟ್ಟಿನಲ್ಲಿ, ಅವಳ ಒಂದೇ ಕಣ್ಣು. ಅದು ಇವನನ್ನೇ ನೋಡುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ಟಾರ್ಚ್ ನೇರ ಅವನ ಮುಖಕ್ಕೆ ಹೊಡೆಯಿತು.

"ಸ್ವಲ್ಪ ಕೆಳಗೆ," ಎಂದ ಕಣ್ಣು ಕಿರಿದು ಮಾಡಿ.

"ಸೂರ್ಯನಿಗೂ ಅಪ್ಪಣೆ ಮಾಡ್ತೀರಾ?"

ಇಡೀ ಹಾಲೇ ನಕ್ಕಿತು. ಅವಳು ಮಾತ್ರ ನಗಲಿಲ್ಲ. ಮುಂದೆ ಏನು ಹೇಳಬೇಕಿತ್ತೋ ಅವನಿಗೆ ಮರೆತೇಹೋಯಿತು. ಪಾಪ, ಸಂಜೆಯಾಗಲಿ ಎಂದು ಇವನು ಹೇಳುವ ಮೊದಲೇ ಅವಳು ಟಾರ್ಚ್ ಇಳಿಸಿ ಸಂಜೆ ಮಾಡಿಕೊಟ್ಟಳು.

ಜನ ಕರಗಿದ ಮೇಲೆ ಮಾದರಿಯನ್ನು ಕೆಳಗಿಳಿಸುವ ಕೆಲಸ. ಅದು ಒಬ್ಬರ ಕೈಲಾಗುವುದಲ್ಲ. ಇಬ್ಬರು ಎರಡು ಬದಿ ಹಿಡಿಯಬೇಕು, ಒಬ್ಬರು ಹಿಂದುಹಿಂದಕ್ಕೆ ಇಳಿಯಬೇಕು. ಹಾಗೆ ಇಳಿಯುವವರಿಗೆ ಎದುರಿನವರ ಮಾತೇ ಕಣ್ಣು. ಇವನು ಹಿಂದುಹಿಂದಕ್ಕೆ ಹೊರಟ.

"ಮೆಟ್ಟಿಲು," ಎಂದಳು. "ಇನ್ನೊಂದು. ನಿಧಾನ."

"ಹೋದ ವಾರ ನೀವು ಕೇಳಿದ್ರಲ್ಲ..."

"ಅದನ್ನ ಬಿಟ್ಹಾಕಿ. ಮೆಟ್ಟಿಲು."

"ಅದು ಬಾಯಿಚಟ. ದೇವರಾಣೆ, ಆ ಮಾತಲ್ಲಿ ನಾನಿರ್ಲಿಲ್ಲ."

"ಒಂದು ವಾರ ನಾನು ಎಷ್ಟು ಸಣ್ಣವಳಾಗಿ ಓಡಾಡಿದೀನಿ ಗೊತ್ತಾ? ನಾನು ಕೇಳಿದ್ದು ಗೋಡೆಗೆ ಹೇಳಿದ ಹಾಗಾಯ್ತು." ಅವಳ ಕಣ್ಣು ತುಂಬಿತು. "ಎಡಕ್ಕೆ ಬನ್ನಿ. ಹಿಂದೆ ಗೋಡೆ ಇದೆ."

ಅವನು ಎಡಕ್ಕೆ ಸರಿದು ನಿಂತ. ಕೆಳಗೆ ಯಾರೋ ಬಾಗಿಲು ತೆರೆದರು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಇಬ್ಬರ ಕೈಯೂ ತುಂಬಿತ್ತು, ಕಣ್ಣೊರೆಸಿಕೊಳ್ಳಲು ಅವಳಿಗಾಗಲಿಲ್ಲ, ಒರೆಸಲು ಇವನಿಗೂ.

"ನಿಲ್ಬೇಡಿ, ಭಾರ," ಎಂದಳು. ಆದರೆ ತಾನೂ ಹೆಜ್ಜೆ ಇಡಲಿಲ್ಲ.

ವಾರದಿಂದ ಅವಳಿಗೆ ಸೇರಬೇಕಾದ ಉತ್ತರ ಅವನ ಬಳಿಯೇ ಉಳಿದಿತ್ತು. ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಅದನ್ನು ಒಪ್ಪಿಸಿದ: "ತುಂಬಾ ಚೆನ್ನಾಗಿರತ್ತೆ. ನೀವು ಹೂಂ ಅಂದ್ರೆ, ಇವತ್ತಿಂದ್ಲೇ."