ಪೈಲಟ್ ಇಲ್ಲದ ವಿಮಾನ

ವಿಮಾನವು ಮೇಜಿನ ನಡುವೆ ಹಿಸುಕಿ ಬಿದ್ದಿತ್ತು. ಜೋಡಿ ರೆಕ್ಕೆಗಳಲ್ಲಿ ಮೇಲಿನದು ಕೆಳಗಿನದರ ಮೇಲೆ ಕುಸಿದಿತ್ತು, ಮೂತಿ ಚಪ್ಪಟೆಯಾಗಿತ್ತು, ಬಾಲ ಮಾತ್ರ ತನಗೇನೂ ಸಂಬಂಧವಿಲ್ಲವೆಂಬಂತೆ ನೆಟ್ಟಗೆ ನಿಂತಿತ್ತು. ಹಳೆಯ ಕಾಲದ ಯುದ್ಧವಿಮಾನ, ಅಳತೆಯಲ್ಲಿ ನಿಜವಾದದ್ದರ ಮೂವತ್ತಮೂರರಲ್ಲಿ ಒಂದು ಪಾಲು. ಚಕ್ರದಿಂದ ರೆಕ್ಕೆಯವರೆಗೆ ಎಲ್ಲವೂ ಕಾಗದ. ಅದರ ಗಾಜಿನ ಮುಚ್ಚಳ ಪಕ್ಕದಲ್ಲಿ, ಮಡಚಿ ಹಾಸಿದ ಬಟ್ಟೆಯ ಮೇಲಿತ್ತು.

ಇನ್ಸ್‌ಪೆಕ್ಟರಮ್ಮ ಕನ್ನಡಕ ಹಾಕಿಕೊಂಡು ಮೇಜಿನತ್ತ ಬಾಗಿದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳು ಕಳೆದಿದ್ದರೂ ಬೀದಿಯವರ ಬಾಯಲ್ಲಿ ಆ ಹೆಸರೇ ಉಳಿದಿತ್ತು. ಇದು ಅವರ ತಮ್ಮನ ಮನೆ. ಬೆಳಿಗ್ಗೆ ಫೋನ್ ಮಾಡಿ ಕರೆಸಿಕೊಂಡವಳು ತಮ್ಮನ ಹೆಂಡತಿ.

ತಮ್ಮ ಗೋಡೆಗೊರಗಿ ಕುಳಿತಿದ್ದ. ಆಯುಷ್ಯವೆಲ್ಲ ಗಡಿಯಾರ ರಿಪೇರಿ ಮಾಡಿದವನು. ಕೈ ನಡುಗತೊಡಗಿದ ಮೇಲೆ ಅಂಗಡಿ ಮುಚ್ಚಿದ್ದ. ಕಾಗದದ ವಿಮಾನಗಳನ್ನು ಮಾತ್ರ ಬಿಟ್ಟಿರಲಿಲ್ಲ. ಈ ವಿಮಾನಕ್ಕೆ ಉಳಿದಿದ್ದುದು ಒಂದೇ ಕೆಲಸ—ಎರಡು ರೆಕ್ಕೆಗಳ ನಡುವಿನ ಬಿಗಿತಂತಿಗಳ ಜಾಗದಲ್ಲಿ ದಾರ ಕಟ್ಟುವುದು. ಅದೇ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಪ್ರದರ್ಶನವಿತ್ತು.

“ಯಾವಾಗ ನೋಡಿದ್ದು?”

“ಬೆಳಿಗ್ಗೆ. ಬಾಗಿಲು ತೆಗೆದೆ, ಹೀಗಿತ್ತು.”

“ಕಿಟಕಿ?”

“ತೆರೆದಿತ್ತು. ಬೆಕ್ಕು ಬಂದಿರಬೇಕು ಅಕ್ಕ.”

“ಬೆಕ್ಕು ಗಾಜಿನ ಮುಚ್ಚಳ ಎತ್ತಿ, ಬಟ್ಟೆ ಮಡಚಿ ಹಾಸಿ, ಅದರ ಮೇಲೆ ಮುಚ್ಚಳ ಇಟ್ಟಿತಾ? ಬಹಳ ಮರ್ಯಾದಸ್ಥ ಬೆಕ್ಕು ಕಣೋ ಇದು.”

ತಮ್ಮನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು.

“ಎದೆ ನೋಯ್ತಿದೆಯಾ?”

“ಇಲ್ಲ. ಬಿಡಕ್ಕ, ಯಾರು ಮಾಡಿದ್ರೇನು? ಇನ್ನು ನಾನು ಕತ್ತರಿ ಮುಟ್ಟಲ್ಲ. ಈ ರೂಮು ಖಾಲಿ ಮಾಡಿಸಿಬಿಡ್ತೀನಿ.”

ಆ ಮಾತಿಗೆ ಇನ್ಸ್‌ಪೆಕ್ಟರಮ್ಮ ತಲೆಯೆತ್ತಿ ನೋಡಿದರು. ಕಪಾಟಿನ ತುಂಬ ಸಾಲಾಗಿ ನಿಂತಿದ್ದ ವಿಮಾನಗಳು. ಅವುಗಳ ಮುಂದೆ, ಈ ಕೋಣೆ ಬಿಟ್ಟರೆ ದಿನ ಕಳೆಯಲು ಬೇರೆ ದಾರಿಯಿಲ್ಲದ ತಮ್ಮ. ಕಾಗದ ಹಾಳಾದದ್ದು ದೊಡ್ಡದಲ್ಲ. ಇವನು ಹಾಳಾಗಬಾರದು.

ಪಕ್ಕದ ಕೋಣೆಯಲ್ಲಿ ತಮ್ಮನ ಹೆಂಡತಿ ಕುಪ್ಪಸವೊಂದರ ಅಂಚು ಹೊಲಿಯುತ್ತಿದ್ದಳು. ಬೀದಿಯ ಹೆಂಗಸರ ಬಟ್ಟೆಯೆಲ್ಲ ಅವಳದೇ ಹೊಲಿಗೆ. ಕತ್ತರಿಸುವ ಮೇಜಿನ ಮೇಲೆ ಕತ್ತರಿ, ಅಳತೆಪಟ್ಟಿ, ಬಟ್ಟೆಗೆ ಚುಕ್ಕಿಗುರುತು ಒತ್ತುವ ಸಣ್ಣ ಹಲ್ಲುಚಕ್ರ. ಹೊಲಿಗೆಯಂತ್ರದ ಮೇಲೆ ಮಾತ್ರ ಮರದ ಮುಚ್ಚಳವಿತ್ತು.

“ಮೆಷಿನ್ ಕೆಟ್ಟಿದೆಯೇನಮ್ಮ?”

“ಇಲ್ಲ ಅತ್ತಿಗೆ. ಇವತ್ತು ಕೈಹೊಲಿಗೆನೇ ಜಾಸ್ತಿ.”

“ನಿನಗೆ ಯಾರ ಮೇಲೆ ಅನುಮಾನ?”

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. “ಅದಕ್ಕೇ ನಿಮ್ಮನ್ನ ಕರೆದಿದ್ದು.”

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ದಂತವೈದ್ಯ ಬಂದಿದ್ದ. ತಮ್ಮನ ಹಳೆಯ ಗೆಳೆಯ, ಅವನೂ ಕಾಗದದ ವಿಮಾನ ಕಟ್ಟುವವನೇ. ಪ್ರದರ್ಶನಕ್ಕೆ ವಿಮಾನ ಒಯ್ಯುವ ಹೊಣೆ ಅವನದು.

“ಏನಯ್ಯಾ ಗಡಿಯಾರ, ನಿನ್ನ ಹಕ್ಕಿ ಹಾರೋಕೆ ತಯಾರಾ?” ಎನ್ನುತ್ತ ಒಳಬಂದವನು ಮೇಜು ನೋಡಿ ಬಾಗಿಲಲ್ಲೇ ನಿಂತ.

“ಗೊತ್ತಿಲ್ಲದವನ ಹಾಗೆ ಕೇಳಬೇಡ,” ಎಂದ ತಮ್ಮ. “ನಿನ್ನೆ ಮಧ್ಯಾಹ್ನ ಈ ರೂಮಲ್ಲಿ ನೀನೊಬ್ಬನೇ ಇದ್ದೆ.”

“ನಾನಾ? ನಿನ್ನ ವಿಮಾನ ಮುರಿದು ನನಗೇನು ಸಿಗುತ್ತೆ?”

“ದಾರ ನಾನೇ ಕಟ್ತೀನಿ, ನಿನ್ನ ಕೈಲಾಗಲ್ಲ ಅಂತ ಹೇಳಿದವನು ಯಾರು?”

“ಸಹಾಯಕ್ಕೆ ಹೇಳಿದ್ದು ಕಣೋ. ಹಲ್ಲು ಕೀಳೋದು ನನ್ನ ಕೆಲಸ, ರೆಕ್ಕೆ ಕೀಳೋದಲ್ಲ.”

ಇಬ್ಬರ ಮುಖವೂ ಕೆಂಪಾಗಿತ್ತು. ಇನ್ಸ್‌ಪೆಕ್ಟರಮ್ಮ ಅವರತ್ತ ನೋಡದೆ, ಚಿಮಟದಿಂದ ವಿಮಾನದ ಕುಸಿದ ರೆಕ್ಕೆಯನ್ನು ಮೆಲ್ಲಗೆ ಎತ್ತಿದರು. ಕೆಳಗೆ ಪೈಲಟ್ ಕೂರುವ ಗುಂಡಿ ಕಾಣಿಸಿತು.

“ಡಾಕ್ಟ್ರೇ, ಈ ಬಗೆಯ ವಿಮಾನದಲ್ಲಿ ಪೈಲಟ್ ಇರ್ತಾನಲ್ಲವಾ?”

“ಇವನ ವಿಮಾನದಲ್ಲಿ ಇದ್ದೇ ಇರ್ತಾನೆ. ಪೈಲಟ್ ಇಲ್ಲದ ವಿಮಾನ ಬರೀ ಡಬ್ಬ ಅಂತಾನೆ.”

“ಇದರಲ್ಲಿ ಇಲ್ಲ. ನೆಲದ ಮೇಲೂ ಇಲ್ಲ. ವಿಮಾನ ಬಿದ್ದಿದೆ—ಪೈಲಟ್ ಎಲ್ಲಿ?”

ದಂತವೈದ್ಯನೂ ನೆಲದ ಮೇಲೆ ಕಣ್ಣಾಡಿಸಿದ.

ಇನ್ಸ್‌ಪೆಕ್ಟರಮ್ಮ ವಿಮಾನದ ಪೀಠವನ್ನು ಹತ್ತಿರಕ್ಕೆ ಎಳೆದುಕೊಂಡರು. ಹಸಿರು ಬಟ್ಟೆ ಹೊದಿಸಿದ ಹಲಗೆ ಅದು. ಬಹಳ ಕಾಲ ವಿಮಾನ ನಿಂತಿದ್ದರಿಂದ ಎರಡು ಚಕ್ರಗಳ ಅಚ್ಚು ಬಟ್ಟೆಯಲ್ಲಿ ಉಳಿದಿತ್ತು. ಚಕ್ರಗಳ ಜೋಡಿಗೆ ಏಟು ಬಿದ್ದಿರಲಿಲ್ಲ. ಒಂದನ್ನು ಅದರ ಅಚ್ಚಿನಲ್ಲಿ ಕೂರಿಸಿದರು. ಇನ್ನೊಂದು ತನ್ನ ಅಚ್ಚನ್ನು ಮುಟ್ಟಲಿಲ್ಲ. ಬೆಂಕಿಕಡ್ಡಿಯ ದಪ್ಪದಷ್ಟು ಕಡಿಮೆಯಾಯಿತು. ಬಳಿಕ ಗೋಡೆಗೆ ಅಂಟಿಸಿದ್ದ ಆ ವಿಮಾನದ ನಕ್ಷೆಯ ಪಕ್ಕದಲ್ಲಿ ರೆಕ್ಕೆಯನ್ನು ಹಿಡಿದು ಅಳೆದರು. ಬಾಲವನ್ನು ಅಳೆದರು.

“ನೂರಕ್ಕೆ ನಾಲ್ಕರಷ್ಟು ಚಿಕ್ಕದು. ಚಕ್ರದಲ್ಲೂ ಅಷ್ಟೇ, ರೆಕ್ಕೆಯಲ್ಲೂ ಅಷ್ಟೇ, ಏಟೇ ಬೀಳದ ಬಾಲದಲ್ಲೂ ಅಷ್ಟೇ. ಹಿಸುಕಿದ ವಸ್ತು ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಕುಗ್ಗಲ್ಲ. ಹಾಗಾದರೆ ಇದು ಕಟ್ಟಿದಾಗಲೇ ಚಿಕ್ಕದಾಗಿತ್ತು.”

ದಂತವೈದ್ಯ ಹತ್ತಿರ ಬಂದು ಇಣುಕಿದ. “ಅಚ್ಚು ಹಾಕುವಾಗ ಆದ ಎಡವಟ್ಟು ಇದು. ಜೆರಾಕ್ಸ್ ಅಂಗಡಿ ಯಂತ್ರ ಹಾಳೆಗೆ ಹೊಂದಿಸ್ತೀನಿ ಅಂತ ಚಿತ್ರವನ್ನ ತಾನಾಗೇ ಕುಗ್ಗಿಸಿಬಿಡುತ್ತೆ. ಹೊಸಬರೆಲ್ಲ ಇದರಲ್ಲಿ ಬೀಳ್ತಾರೆ. ನನ್ನ ಮೊದಲನೇ ವಿಮಾನವೂ ಹೀಗೇ ಗಿಡ್ಡ ಆಗಿತ್ತು. ಆದರೆ ಇವನು ಹೊಸಬನಲ್ಲವಲ್ಲ?”

“ಅಲ್ಲ. ನೀವೂ ಅಲ್ಲ.” ಇನ್ಸ್‌ಪೆಕ್ಟರಮ್ಮ ತಮ್ಮನ ಮುಂದೆ ಕೈ ಚಾಚಿದರು. “ಜೇಬಿನಲ್ಲಿರೋದನ್ನ ಕೊಡು.”

“ಏನಿಲ್ಲ ಅಕ್ಕ.”

“ಚಿಕ್ಕವನಿದ್ದಾಗಲೂ ನಿನಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ. ಕೊಡು.”

ನಡುಗುವ ಬೆರಳುಗಳು ಜೇಬಿನೊಳಗೆ ಹೋಗಿ ಹೊರಬಂದವು. ಅಕ್ಕನ ಅಂಗೈಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಕಾಗದದ ಪೈಲಟ್ ಕುಳಿತಿದ್ದ—ಟೋಪಿ, ಕನ್ನಡಕ, ಕೊರಳಪಟ್ಟಿ, ಒಂದೂ ಹರಿಯದೆ.

“ಹಗೆ ಇರೋನು ಪೈಲಟ್‌ನ ಮೊದಲು ಇಳಿಸಿ ಆಮೇಲೆ ವಿಮಾನ ಹಿಸುಕಲ್ಲ,” ಎಂದರು ಇನ್ಸ್‌ಪೆಕ್ಟರಮ್ಮ. “ಇವನಿಗೆ ನೋವಾಗಬಾರದು ಅಂತ ಅನ್ನಿಸಿದ್ದು ಒಬ್ಬನಿಗೇ. ಮುಚ್ಚಳವನ್ನ ಬಟ್ಟೆ ಹಾಸಿ ಇಡೋ ಅಭ್ಯಾಸ ಇರೋದೂ ಅವನಿಗೇ. ನೀನೇ ಹಿಸುಕಿದ್ದು.”

ತಮ್ಮ ತಲೆ ತಗ್ಗಿಸಿದ.

“ನಿನ್ನೆ ಸಂಜೆ ಕೊನೇ ಸಲ ನೋಡೋಣ ಅಂತ ದಾರ ಹಿಡಿದೆ. ಮುಚ್ಚಳ ತೆಗೆದೇ ಒಂದು ತಿಂಗಳಾಗಿತ್ತು. ತೂತಿಗೆ ಹೋಗಲೇ ಇಲ್ಲ ಅಕ್ಕ. ನನ್ನ ಕೈ ಕೆಟ್ಟಿತು ಅಂತ ಸಭೆ ಮುಂದೆ ಹೇಳೋದಕ್ಕಿಂತ ವಿಮಾನವೇ ಹೋಯ್ತು ಅನ್ನೋದು ಸುಲಭ ಅನ್ನಿಸ್ತು.” ಗೆಳೆಯನತ್ತ ತಿರುಗಿದ. “ನಿನ್ನ ಮೇಲೆ ಹೊರಿಸಿದ್ದು ತಪ್ಪಾಯ್ತು ಮಾರಾಯ.”

“ನನ್ನ ಹತ್ತಿರ ಹಲ್ಲು ತೋರಿಸೋಕೆ ಬರ್ತೀಯಲ್ಲ, ಆಗ ನೋಡ್ಕೋತೀನಿ,” ಎಂದ ದಂತವೈದ್ಯ. ಆದರೆ ಅವನ ಕೈ ಗೆಳೆಯನ ಹೆಗಲ ಮೇಲಿತ್ತು.

“ನೀನು ಹಿಸುಕಿದ್ದು ನಿನ್ನ ವಿಮಾನವಲ್ಲ ಅನ್ನೋದೂ ನಿನಗೆ ತಿಳೀಲಿಲ್ಲವಾ?” ಅಕ್ಕ ಕೇಳಿದರು.

“ನಾನು ವಿಮಾನ ನೋಡ್ಲೇ ಇಲ್ಲ ಅಕ್ಕ. ನನ್ನ ಬೆರಳನ್ನೇ ನೋಡ್ತಿದ್ದೆ.”

ಇನ್ಸ್‌ಪೆಕ್ಟರಮ್ಮ ಪೈಲಟ್‌ನನ್ನು ಬೆಳಕಿಗೆ ಹಿಡಿದರು. “ಮಡಿಕೆ ನೋಡು. ನೀನು ಚಾಕುವಿನ ಬೆನ್ನಿಂದ ಗೆರೆ ಎಳೆದು ಮಡಿಸ್ತೀಯ. ಇಲ್ಲಿ ಗೆರೆ ಇಲ್ಲ, ಸಾಲಾಗಿ ಚುಕ್ಕಿಗಳಿವೆ. ಹಲ್ಲುಚಕ್ರ ಉರುಳಿಸಿದ ಚುಕ್ಕಿಗಳು. ಆ ಚಕ್ರ ಈ ಮನೇಲಿ ಯಾರ ಮೇಜಿನ ಮೇಲಿದೆ?”

ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು.

“ಮೆಷಿನ್ನಿನ ಮುಚ್ಚಳ ತೆಗಿಯಮ್ಮ ಇನ್ನು,” ಎಂದರು ಇನ್ಸ್‌ಪೆಕ್ಟರಮ್ಮ.

ಅವಳು ಒಳಗೆ ಹೋಗಿ ಎರಡೂ ಕೈಯಲ್ಲಿ ಅದನ್ನು ಹಿಡಿದು ತಂದಳು. ತಮ್ಮ ಕಟ್ಟಿದ್ದ ನಿಜವಾದ ವಿಮಾನ. ಒಂದು ಸುಕ್ಕಿಲ್ಲ. ಜೋಡಿ ರೆಕ್ಕೆಗಳ ನಡುವೆ ಬೂದುಬಣ್ಣದ ದಾರಗಳು ಬಿಗಿಯಾಗಿ ನಿಂತಿದ್ದವು.

“ಇವರ ಕೈ ಸೋತ ಮೇಲೆ ಕದ್ದು ಕಲಿಯೋಕೆ ಶುರು ಮಾಡಿದೆ ಅತ್ತಿಗೆ. ಮೊದಲು ನನ್ನದೊಂದು ಕಟ್ಟಿ ನೋಡಿದೆ. ಆಮೇಲೆ ಅದನ್ನ ಗಾಜಿನೊಳಗಿಟ್ಟು, ದಾರ ಕಟ್ಟೋಕೆ ಇದನ್ನ ಎತ್ತಿಕೊಂಡೆ. ಇವತ್ತು ಬೆಳಿಗ್ಗೆ ಕೈಗೆ ಕೊಡೋಣ ಅಂತಿದ್ದೆ. ಅಷ್ಟರಲ್ಲಿ...” ಅವಳು ಗಂಡನನ್ನು ನೋಡಿದಳು. “ಯಾರ ಕೆಲಸ ಅಂತ ನೋಡಿದ ಕೂಡಲೇ ತಿಳೀತು. ಹೇಳಿದ್ರೆ ಇದನ್ನೂ ಹಿಸುಕಿಬಿಡ್ತಾರೇನೋ ಅಂತ ಬಾಯಿ ಬಿಡಲಿಲ್ಲ.”

ತಮ್ಮ ಎದ್ದು ಬಂದ. ವಿಮಾನವನ್ನು ಮುಟ್ಟದೆ ಸುತ್ತಲೂ ಬಾಗಿ ಬಾಗಿ ನೋಡಿದ.

“ಹಿಂದಿನ ಜೋಡಿ ದಾರ ಅದಲುಬದಲು ಆಗಿದೆ,” ಎಂದ ಕೊನೆಗೆ. “ಎಡಗಡೇದು ಮುಂದೆ ಬರಬೇಕು.”

“ಮೊದಲೇ ಹೇಳೋರಿದ್ದಿದ್ರೆ ಸರಿ ಮಾಡ್ತಿದ್ದೆ,” ಎಂದಳು ಹೆಂಡತಿ. “ಎಲ್ಲಿ, ತೋರಿಸಿ.”

ಅವನ ಬೆರಳು ನಡುಗುತ್ತಲೇ ಜಾಗ ತೋರಿಸಿತು. ಅವಳ ಸೂಜಿ ನಡುಗದೆ ಅಲ್ಲಿಗೆ ಹೋಯಿತು.

ದಂತವೈದ್ಯ ಗಂಟಲು ಸರಿಮಾಡಿಕೊಂಡ. “ಅಪರಾಧಿಗೆ ಶಿಕ್ಷೆ ಏನು ಇನ್ಸ್‌ಪೆಕ್ಟರಮ್ಮ?”

“ಹಿಸುಕಿದ ವಿಮಾನ ಇವಳದು. ಇವಳಿಗೆ ಒಂದು ಕಟ್ಟಿಕೊಡಬೇಕು, ಹೇಳಿಕೊಟ್ಟು ಇವಳ ಕೈಯಿಂದಲೇ.”

ತಮ್ಮ ಅಕ್ಕನ ಅಂಗೈಯಿಂದ ಪುಟ್ಟ ಪೈಲಟ್‌ನನ್ನು ಎತ್ತಿಕೊಂಡು ಮತ್ತೆ ಜೇಬಿಗಿಳಿಸಿದ.

“ಅಚ್ಚು ಹಾಕಿಸೋಕೆ ಹೋದಾಗ ಅಂಗಡಿಯವನಿಗೆ ಹೇಳು,” ಎಂದ ಹೆಂಡತಿಗೆ. “ನೂರಕ್ಕೆ ತೊಂಬತ್ತಾರು. ಈ ಪೈಲಟ್‌ನ ಅಳತೆಗೇ ಕಟ್ಟೋಣ.”