ಹಳೆಯ ಅಳತೆ

ಅತ್ತೆ ಕಿತ್ತಳೆ ಬಣ್ಣದ ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಾಗ, ಸೊಸೆಯ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಅಂಗಿ ಹೆಗಲಿನಿಂದ ಜಾರುತ್ತಿತ್ತು. ನಲವತ್ತು ವರ್ಷ ಊರಿಗೆಲ್ಲ ಹೊಲಿದ ಕೈ ತನ್ನ ಬಟ್ಟೆಯಲ್ಲೇ ತಪ್ಪಿತ್ತು... ತನ್ನ ಬೆನ್ನನ್ನು ತಾನೇ ಅಳೆಯಲಾಗದೆ, ಅಳತೆ ಪುಸ್ತಕದ ಮೊದಲ ಪುಟದಲ್ಲಿ ಗಂಡ ಬರೆದಿಟ್ಟಿದ್ದ ಅಂಕಿಗಳನ್ನೇ ನಂಬಿ ಕತ್ತರಿಸಿದ್ದಳು. ಆ ಅಂಕಿಗಳಿಗೆ ಮೂವತ್ತು ವರ್ಷವಾಗಿತ್ತು. ಅವನು ಸತ್ತ ದಿನದಿಂದ ಅವಳಿಗೆ ಬೂದಿ ಬಣ್ಣವೇ ಗತಿಯಾಗಿತ್ತು.

ಸಂಜೆ ಐದಕ್ಕೆ ವಾಚನಾಲಯದಲ್ಲಿ ಅವಳು ತನ್ನ ಕವಿತೆ ಓದಬೇಕಿತ್ತು. ಮಗನಿಗೆ ಅದೇ ನುಂಗಲಾರದ ತುತ್ತು. ತನ್ನ ಮಗಳನ್ನು ನೋಡಲು ಬರುವ ಗಂಡಿನ ಮನೆಯವರ ಕಿವಿಗೆ ಬಿದ್ದರೆ ಏನು ಗತಿ, ಗಿರಾಕಿಗಳು ಏನಂದುಕೊಂಡಾರು ಎಂದು ವಾರದಿಂದ ಗೊಣಗುತ್ತಿದ್ದ. ಹೌದಲ್ಲವೇ, ಮುದುಕಿ ದುಡಿಯಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು!

ಅವನು ಬಾಗಿಲಲ್ಲಿ ನಿಂತು ನಕ್ಕ. “ನೋಡಮ್ಮಾ, ಬಟ್ಟೆನೇ ಹೇಳ್ತಿದೆ ನಿನ್ನ ಕಾಲ ಮುಗೀತು ಅಂತ. ಇದನ್ನ ಹಾಕ್ಕೊಂಡು ಹೊಸಿಲು ದಾಟಿದ್ರೆ, ಮತ್ತೆ ಆ ಹೊಲಿಗೆ ಮಿಶನ್ ಮುಂದೆ ಕೂರೋದು ಬೇಡ.”

ಅತ್ತೆ ಅಂಗಿಯ ಗುಂಡಿಗೆ ಕೈ ಹಾಕಿದಳು, ಬಿಚ್ಚಲು. ಆಗ ಸೊಸೆಗೆ ಏನಾಯಿತೋ, ಟೇಪು ಹಿಡಿದು ಎದ್ದಳು.

“ತಿರುಗಿ ಅತ್ತೆ. ಬೆನ್ನು ಕೊಡಿ.”

ಮೂವತ್ತು ವರ್ಷಗಳಲ್ಲಿ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಹಕ್ಕಿಯ ರೆಕ್ಕೆಯಂಥ ಎಲುಬು... ಸೊಸೆ ಹೊಸ ಅಳತೆ ಬರೆದುಕೊಂಡಳು. ಹೊಲಿಯಲು ಹೊತ್ತಿರಲಿಲ್ಲ, ಹೆಚ್ಚಾದ ಬಟ್ಟೆಯನ್ನು ಮಡಚಿ ಗುಂಡುಸೂಜಿ ಚುಚ್ಚತೊಡಗಿದಳು. ಸೂಜಿ ಚುಚ್ಚುವಷ್ಟು ಹೊತ್ತೂ ಅತ್ತೆ ಮೆಲುದನಿಯಲ್ಲಿ ಹೇಳುತ್ತಿದ್ದಳು:

ಊರಿನ ಮೈಗಳನ್ನೆಲ್ಲ ಅಳೆದೆ ನಾನು,
ನನ್ನನ್ನು ಊರೇ ಅಳೆಯಿತು, ಕೇಳದೆ.
ಇನ್ನು ಬಿಡಿ, ಉಳಿದ ತುಂಡು ನನ್ನದು,
ಹೊಲಿದುಕೊಳ್ಳುವೆ ನನಗೆ ಬೇಕಾದ ಹಾಗೆ.

ಸೊಸೆಯ ಕಣ್ಣು ಮಂಜಾಯಿತು. ಒಂದು ಸೂಜಿ ಅವಳ ಬೆರಳಿಗೇ ಚುಚ್ಚಿತು.

ಅತ್ತೆ ಹೋದಳು, ಓದಿದಳು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದಳು. ಚಪ್ಪಾಳೆ ಬಿತ್ತಂತೆ, ಮುಂದಿನ ಸಾಲಲ್ಲಿ ಇಬ್ಬರು ನಕ್ಕರಂತೆ. ಅಷ್ಟೇ ಹೇಳಿ ತನ್ನ ಮಿಶನ್ ಮುಂದೆ ಕೂತಳು. ಕಾಲು ತುಳಿಯಿತು. ಸೂಜಿ ಅಲುಗಲಿಲ್ಲ. ಮಗ ಮಿಶನ್ನಿನ ಚಕ್ರದ ಬೆಲ್ಟು ಕಳಚಿಟ್ಟಿದ್ದ. ಅವಳು ಸುಮ್ಮನೆ ತುಳಿಯುತ್ತಲೇ ಇದ್ದಳು, ಅಭ್ಯಾಸ ತಪ್ಪಬಾರದೆಂಬಂತೆ...

ಸೊಸೆ ತನ್ನ ಮಿಶನ್ನಿನ ಬೆಲ್ಟು ಬಿಚ್ಚಿ ತಂದು ಅತ್ತೆಯ ಚಕ್ರಕ್ಕೆ ತೊಡಿಸಿದಳು. ಮಗ ನಾಳಿನ ಬಟ್ಟೆಗಳು ಬಾಕಿ ಇವೆಯೆಂದು ಸಿಡುಕಿದ.

“ನನ್ನ ಮಿಶನ್ ಓಡಲ್ಲ ರೀ. ಬೆಲ್ಟು ನಿಮ್ಮ ಹತ್ತಿರಾನೇ ಇದೆಯಲ್ಲ.”

ಅವನು ಕೊಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅತ್ತೆ ಅಂಗಿ ಬದಲಿಸಿ, ಅದಕ್ಕೆ ಹೊಸ ಅಳತೆಗೆ ಹೊಲಿಗೆ ಹಾಕಿ, ಹೆಚ್ಚಾದ ಬಟ್ಟೆಯನ್ನು ಕತ್ತರಿಸಿದಳು. ನಾಲ್ಕು ಬೆರಳಗಲದ ಎರಡು ಪಟ್ಟಿಗಳು ಕಾಲ ಬಳಿ ಬಿದ್ದವು. ಎತ್ತಿ ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ಸವರಿದಳು.

“ಇಷ್ಟು ಇದ್ದೆ ಕಣೇ ನಾನು,” ಎಂದಳು. “ಈ ಬಣ್ಣ ಆಗಲೇ ಹಾಕ್ಕೋಬೇಕಿತ್ತು...”