ಬಲೆ ದಾರದ ಗಂಟು

ಆ ದಿನ ಬೆಳಿಗ್ಗೆ ಹೊನ್ನಾವರದಲ್ಲಿ ಮಂಜು. ಜನವರಿಯ ಮಂಜು. ಶರಾವತಿಯಿಂದ ಎದ್ದು ಬಂದು ಹೈವೇ ಮೇಲೆ ಮಲಗಿತ್ತು.

ಅದರೊಳಗಿಂದ ಒಂದು ಲಾರಿ ನುಗ್ಗಿತು. ಲೈಟಿಲ್ಲ, ಹಾರ್ನಿಲ್ಲ. ನನ್ನ ಬೈಕಿನ ಕನ್ನಡಿ ಹಾರಿಸಿಕೊಂಡು ಹೋಯಿತು.

ನಾನು ನಿಲ್ಲಿಸಲಿಲ್ಲ. ಸ್ಟೇಷನ್ನಿನಿಂದ ರೈಲು ಹೊರಡುವುದರೊಳಗೆ ತಲುಪಬೇಕಿತ್ತು.

ಹೇಳುತ್ತೇನೆ ಕೇಳಿ. ನಾನು ದಾಸ. ಊರು ಬೆಳಕೆ. ಅಪ್ಪ ದೋಣಿಯವನು, ನಾನು ಗ್ಯಾಸ್ ಏಜೆನ್ಸಿಯವನು. ಕಾಣೆಯಾದ ಸಿಲಿಂಡರ್ ಹುಡುಕಿ ತರುವುದು, ಸೋರುವುದನ್ನು ನಿಲ್ಲಿಸುವುದು ನನ್ನ ಕೆಲಸ. ಹೋಟೆಲಿನವರು ಸೌಟಿನಲ್ಲಿ ಹೊಡೆದಿದ್ದಾರೆ, ನಾಯಿ ಛೂ ಬಿಟ್ಟಿದ್ದಾರೆ. ಅದಕ್ಕೆಲ್ಲ ಹೆದರಿದವನಲ್ಲ.

ಹೆದರಿಸಿದ್ದು ಅವತ್ತಿನ ಫೋನು. ಮಾಡಿದವನು ನಮ್ಮೂರ ಚೌಡ, ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಬಾವುಟ ತೋರಿಸಿ ರೈಲು ಬಿಡುವವನು.

"ದಾಸ, ಲಾರಿ ಹೊತ್ಕಂಡು ಗೋವೆಗೆ ಹೋಗೂ ರೈಲು ಎದುರಿನ ರೈಲಿನ ಕ್ರಾಸಿಂಗಿಗೆ ನಿಂತದೆ. ಅದ್ರ ಮೇಲೆ ಒಂದು ಜೀಪು. ಜೀಪಿನ ಹಿಂದೆ ಚಕ್ರದ ಮನೆ. ಒಳಗೆ ಚಾ ಕಾಸ್ತಾ ಇದ್ರು."

"ಗ್ಯಾಸಿನಲ್ಲಾ?"

"ಮತ್ತೆಂತ, ಸೌದೆಲಾ? ಮುಂದೆ ಸುರಂಗ ಅದೆ ಮಾರಾಯ. ಸ್ಟೇಷನ್ ಮಾಸ್ತರಿಗೆ ಹೇಳಿದ್ರೆ ಕೇಸು. ನಮ್ಮೂರವ್ರು ಬೇರೆ..."

"ಯಾರು?"



"ಸುಧಾಕರ. ಗಂಗೆನೂ ಇದ್ಳು."

ಎಂಟು ವರ್ಷದ ಹಿಂದೆ ನಾನು ಗಂಗೆಯನ್ನು ಮದುವೆಗೆ ಕೇಳಲು ಹೊರಟಿದ್ದೆ. ಸುಧಾಕರ ಒಂದು ವಾರ ಮುಂಚೆ ಹೋಗಿ ಕೇಳಿದ. ಮದುವೆ ದಿನ, ಮದುಮಗನ ಕೈ ಬರಿದಾಗಿರಬಾರದು ಅಂತ ನನ್ನ ವಾಚನ್ನೂ ಕೇಳಿ ಕಟ್ಟಿಕೊಂಡ. ಅಪ್ಪ ಕೊಟ್ಟ ವಾಚು.

ಎರಡೂ ವಾಪಸ್ ಬರಲಿಲ್ಲ.

ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ಗಂಗೆ ಕೊಡ ತುಂಬುತ್ತಿದ್ದಳು.

"ದಾಸಣ್ಣ, ನೀನಾ?"

ಅಣ್ಣ... ಲಾರಿ ತಾಗಿದ್ದೇ ವಾಸಿ.

"ಗೋವೆಗೆ ಹೊರಟ್ರಾ?"

"ಹೌದು. ಮಂಗಳೂರಲ್ಲಿ ಒಬ್ಬ ಜರ್ಮನಿಯವ ಮಾರಿದ ಗಾಡಿ. ಒಳಗೇ ಹಾಸಿಗೆ, ಒಳಗೇ ಒಲೆ. ಬೀಚಲ್ಲಿ ಮೀನು ಹುರಿದು ಮಾರೂದು. ಎಲ್ಲಾ ಇವ್ರದ್ದೇ ತಲೆ." ಅವಳ ಮುಖ ಬೆಳಗಿತು.

ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದರು.

"ಸಿಲಿಂಡರ್ ಎಲ್ಲದೆ?"

ಅವಳು ದನಿ ತಗ್ಗಿಸಿದಳು. "ಒಣಮೀನಿನ ಚೀಲದ ಹಿಂದೆ. ಸುರಂಗದಲ್ಲಿ ಸಿಲಿಂಡರ್ ಒಯ್ಯೂಕಿಲ್ಲ ಅಂದ್ರು ರೈಲ್ವೆಯವ್ರು. ಇವ್ರು ಇಲ್ಲ ಅಂತ ಬರೆದುಕೊಟ್ರು."

"ಗ್ಯಾಸಿನ ವಾಸನೆ?"

"ಒಣಮೀನಿನ ಮುಂದೆ ಮತ್ತೆಂತ ವಾಸನೆ ಬತ್ತದೆ? ಚಾ ಕಾಸಿದ ಮೇಲೆ ಮಂಜು ಅಂತ ಬಾಗಿಲು, ಕಿಟಕಿ ಎಲ್ಲಾ ಹಾಕಿದ್ರು. ಆಗಿಂದ ನನಗೆ ತಲೆ ಸುತ್ತತದೆ."

ನನಗೆ ಗೊತ್ತಾಯಿತು. ಗ್ಯಾಸ್ ಗಾಳಿಗಿಂತ ಭಾರ. ಮುಚ್ಚಿದ ಗಾಡಿಯಲ್ಲಿ ನೆಲ ಹಿಡಿದು ತುಂಬುತ್ತದೆ.

"ಅವ ಬೀಡಿ ಸೇದೂದು ಉಂಟಾ?"

"ಬಿಟ್ಟಿದ್ರು. ಆದ್ರೆ ಸುರಂಗ ಅಂದ್ರೆ ಹೆದ್ರಿಕೆ. ಸಿಗ್ನಲ್ ಹಸಿರಾತು ಅಂದ್ರೆ ಒಳಗೆ ಮುರ್ಡೇಶ್ವರನ ಪಟಕ್ಕೆ ಊದುಬತ್ತಿ ಹಚ್ಚೂದು."

ಸ್ವಾಮಿ, ಸುಳ್ಳು ಹೇಳುವುದಿಲ್ಲ. ಅವಳು ಇಲ್ಲಿ ನಲ್ಲಿಯ ಹತ್ತಿರ, ಅವನು ಅಲ್ಲಿ ಗಾಡಿಯೊಳಗೆ. ಹತ್ತು ನಿಮಿಷ ಅವಳನ್ನು ಮಾತಿನಲ್ಲಿ ಹಿಡಿದಿಟ್ಟರೆ ಸಾಕಿತ್ತು. ನಾನು ಏನೂ ಮಾಡಬೇಕಾಗಿರಲಿಲ್ಲ. ಅವನ ಕೈ, ಅವನ ಕಡ್ಡಿ.

"ಅಮ್ಮ ಹೇಂಗಿದ್ರು?" ಎಂದು ಕೇಳಿದೆ.

ಅವಳು ಹೇಳತೊಡಗಿದಳು. ನಾನು ತಲೆ ಆಡಿಸುತ್ತ ನಿಂತೆ. ಎದುರಿನ ರೈಲು ಧಡಧಡ ಹೋಯಿತು.

ಸಿಗ್ನಲ್ ಹಸಿರಾಯಿತು.

ಗಂಗೆ ಗಾಡಿಯ ಕಡೆ ತಿರುಗಿ, ಅಲ್ಲಿಂದಲೇ ಪಟಕ್ಕೆ ಕೈ ಮುಗಿದಳು. ಕಣ್ಣು ಮುಚ್ಚಿ. ಅವನಿಗಾಗಿ.

ನಾನು ಓಡಿದೆ.

ಬಾಗಿಲು ಕಿತ್ತು ತೆಗೆದೆ. ಸುಧಾಕರ ಪಟದ ಮುಂದೆ. ಒಂದು ಕೈಯಲ್ಲಿ ಬೆಂಕಿಪೊಟ್ಟಣ, ಇನ್ನೊಂದರಲ್ಲಿ ಕಡ್ಡಿ. ಮಣಿಕಟ್ಟು ಹಿಡಿದು ತಿರುಚಿದೆ. ಪೊಟ್ಟಣ ಕಸಿದು ಹಳಿಯಾಚೆ ಎಸೆದೆ.

ಅವನು ಮೀನಿನ ಕತ್ತಿ ಎತ್ತಿಕೊಂಡ. ನನ್ನ ಗಂಟಲಿಗೆ ಇಟ್ಟ.

"ಇಳಿ ಕೆಳಗೆ."

"ಗ್ಯಾಸ್ ಸೋರ್ತಾ ಅದೆ."

"ಗ್ಯಾಸಂತೆ... ನೀ ಯಾವ ವಾಸನೆ ಹಿಡ್ಕಂಡು ಬಂದದ್ದು ಅಂತ ನಂಗೆ ಗೊತ್ತಿಲ್ವಾ? ಎಂಟು ವರ್ಷದಿಂದ ಕಾಯ್ತಾ ಇದ್ದೆ ನೀನು. ನಲ್ಲಿ ಹತ್ರ ಎಂತ ಪಿಸಿಪಿಸಿ? ಕಿಟಕೀಲಿ ಕಂಡೆ."

ಅವನಿಗೂ ಹೊಟ್ಟೆಯೊಳಗೆ ಅದೇ ಒಲೆ! ನನಗೆ ನಗು ಬಂತು. ಕತ್ತಿ ತಾಗಿ ಒಂದು ಹನಿ ರಕ್ತವೂ ಬಂತು.

"ನನ್ನ ನಂಬಬೇಡ. ಜೇಬಲ್ಲಿ ಸಾಬೂನು ನೀರಿನ ಬಾಟ್ಲಿ ಅದೆ. ಗಂಗೆ ಕೈಲಿ ಕೊಡು. ಪೈಪಿಗೆ ಸುರಿಲಿ, ಸೋರಿದ್ರೆ ನೊರೆ ಏಳ್ತದೆ."

ಗಂಗೆ ಓಡಿ ಬಂದಿದ್ದಳು. ಅವಳೇ ನನ್ನ ಜೇಬಿಗೆ ಕೈ ಹಾಕಿದಳು, ಚೀಲ ಸರಿಸಿದಳು, ಪೈಪಿನ ಬುಡಕ್ಕೆ ಸುರಿದಳು.

ನೊರೆ ಎದ್ದಿತು. ಏಡಿಯ ಬಾಯಿಯ ಹಾಗೆ ಬುಸುಬುಸು.

ಪೈಪಿಗೆ ಕ್ಲಿಪ್ಪಿರಲಿಲ್ಲ. ಬಲೆ ದಾರ ಸುತ್ತಿ ಗಂಟು ಹಾಕಿದ್ದ. ಆ ಗಂಟು ನನಗೆ ಗೊತ್ತು. ಬೆಳಕೆಯ ದಡದಲ್ಲಿ ಅವನಿಗೆ ನಾನೇ ಕಲಿಸಿದ್ದು.

"ಇದ್ರಲ್ಲಿ ಮೀನು ನಿಲ್ತದೆ ಮಾರಾಯ. ಗ್ಯಾಸ್ ನಿಲ್ಲೂದಿಲ್ಲ."

ಕತ್ತಿ ಕೆಳಗಿಳಿಯಿತು.

ರೆಗ್ಯುಲೇಟರ್ ಬಂದ್ ಮಾಡಿ ಬಿಚ್ಚಿದೆ. ಸಿಲಿಂಡರಿನ ಬಾಯಿಗೆ ಕ್ಯಾಪ್ ಒತ್ತಿದೆ. ಕಿಟಕಿಗಳನ್ನೆಲ್ಲ ತೆಗೆಸಿದೆ. ಸಿಲಿಂಡರನ್ನು ನಾನೂ ಅವನೂ ಹಿಡಿದು ಕೆಳಗಿಳಿಸಿದೆವು. ಚೌಡ ಹಸಿರು ಬಾವುಟ ಬಿಚ್ಚದೆ ಕಾದ. ಗಾಡಿಯ ಒಳಗೆ ಮಂಜು ತುಂಬಿ ಹೊರಗೆ ಹೋಗುವವರೆಗೂ ಕಾದ.

"ಗೋವೆ ಮುಟ್ಟೂವರೆಗೆ ಕಡ್ಡಿ ಗೀರಬೇಡ. ದೇವ್ರಿಗೆ ಕೈ ಮುಗಿದ್ರೆ ಸಾಕು, ಅವ ಬೇಜಾರು ಮಾಡೂದಿಲ್ಲ," ಎಂದೆ.

"ಆತು," ಎಂದ ಸುಧಾಕರ.

ರೈಲು ಅಲುಗಿತು. ಗಂಗೆ ಜೀಪಿನಲ್ಲಿ ಅವನ ಪಕ್ಕದಲ್ಲಿ ಕೂತಿದ್ದಳು. ಸುಧಾಕರ ಎಡಗೈಯಿಂದ ಏನೋ ಬಿಚ್ಚಿ, ಬಗ್ಗಿ, ನನ್ನ ಅಂಗೈಯಲ್ಲಿಟ್ಟ.

ಅಪ್ಪನ ವಾಚು. ಇನ್ನೂ ಬೆಚ್ಚಗಿತ್ತು.

ರೈಲು ಮಂಜಿನಲ್ಲಿ ಕರಗಿದ ಮೇಲೆ ಸ್ಟೇಷನ್ನಿನ ಗಡಿಯಾರ ನೋಡಿದೆ, ವಾಚು ನೋಡಿದೆ.

ನನಗಿಂತ ಒಂದು ವಾರ ಮುಂಚೆ ಹೆಣ್ಣು ಕೇಳಲು ಓಡಿದವನ ಕೈಯಲ್ಲಿ ಅದು ಹತ್ತು ನಿಮಿಷ ಹಿಂದಿತ್ತು.